ಎಲೆ ಹಾಕಿಕೊಂಡ ಕಂಡಕ್ಟರ್

ನನ್ನ ಬಾಯಿ ಜೋರು ಎಂದು ಬೆಳ್ತಂಗಡಿ ಪೇಟೆಗೆಲ್ಲ ಗೊತ್ತು. ಗೊತ್ತಿರಲಿ. ಬಾಯಿ ಜೋರಿಲ್ಲದ ನರ್ಸು ಒಬ್ಬಳು ನಮ್ಮ ಆಸ್ಪತ್ರೆಯ ವರಾಂಡದಲ್ಲಿ ಒಂದು ವಾರ ನಿಂತು ತೋರಿಸಲಿ, ಆಮೇಲೆ ಮಾತಾಡುವ.

ಲಾಯಿಲದ ರಸ್ತೆಯಲ್ಲಿ ಬಟ್ಟೆ ವ್ಯಾಪಾರಿಯೊಬ್ಬರು ತಮ್ಮ ತಾಯಿಯ ಹೆಸರಿನಲ್ಲಿ ಕಟ್ಟಿಸಿದ ಸಣ್ಣ ಆಸ್ಪತ್ರೆ ಅದು. ಡಾಕ್ಟರು ಒಬ್ಬರೇ, ಬಂಟ್ವಾಳದ ಅಬ್ದುಲ್ ರವೂಫ್. ಕೈ ಬಹಳ ಚುರುಕು, ಮಾತು ಬಹಳ ಕಡಿಮೆ. ನರ್ಸುಗಳೆಂದರೆ ನಾನು ಸೇಸಮ್ಮ, ಮತ್ತು ಮೂಡಬಿದಿರೆಯಿಂದ ಹೊಸದಾಗಿ ಬಂದ ನೀಲಾವತಿ. ನೆಲ ಒರೆಸಲು, ನೀರು ಕಾಯಿಸಲು, ನನ್ನ ಜೊತೆ ಜಗಳಕ್ಕೆ ನಿಲ್ಲಲು ಅಮ್ಮಣಿ. ಆಪರೇಶನ್ ಮೇಜು ಒಂದೇ ಒಂದು. ಹೊರಗೆ ವರಾಂಡ ಮಾತ್ರ ಉದ್ದ, ಆಸ್ಪತ್ರೆ ಕಟ್ಟಿಸಿದವರಿಗೆ ಜನ ಬರುತ್ತಾರೆಂಬ ನಂಬಿಕೆ ಇತ್ತು.

ಈ ವರಾಂಡದ ಸಂಗತಿ ಸ್ವಲ್ಪ ಹೇಳಬೇಕು. ನಮ್ಮೂರಿನವರು ಕಾಲು ಮುರಿದುಕೊಂಡು ಬಂದರೂ ಕೂರುವ ಜಾಗದ ಮರ್ಯಾದೆ ಮರೆಯುವುದಿಲ್ಲ. ಬೆಂಚಿನ ಮೇಲೆ ಜಮೀನಿನ ಧನಿಗಳು. ಕಟ್ಟೆಯ ಮೇಲೆ ಅಂಗಡಿಯವರು, ಮಾಸ್ಟರುಗಳು. ಮೆಟ್ಟಿಲ ಮೇಲೆ ಒಕ್ಕಲುಗಳು. ಕೂಲಿಯವರು ಅಂಗಳದಲ್ಲಿ, ಹೆಂಗಸರು ಗೋಡೆಯ ಮರೆಯಲ್ಲಿ. ಯಾರೂ ಯಾರಿಗೂ ಹೇಳುವುದಿಲ್ಲ, ತಮ್ಮಷ್ಟಕ್ಕೆ ಹಾಗೆ ಕೂತುಬಿಡುತ್ತಾರೆ. ಹೊಸ ನರ್ಸು ಬಂದರೆ ಪಾಪ, ಬೆಂಚಿನಿಂದ ಶುರು ಮಾಡುತ್ತಾಳೆ. ಅವಳು ಅಂಗಳಕ್ಕೆ ಇಳಿಯುವ ಹೊತ್ತಿಗೆ ಅಲ್ಲಿ ಒಬ್ಬನ ಕಥೆ ಮುಗಿದಿರುತ್ತದೆ.

ಅದಕ್ಕೆ ನಾನು ಅಂಗಳದಿಂದ ಮೇಲಕ್ಕೆ ಬರುತ್ತೇನೆ. ಬೊಬ್ಬೆ ಹೊಡೆಯುವವನನ್ನು ಬಿಟ್ಟು ಸುಮ್ಮನೆ ಕೂತವನ ಮುಖ ನೋಡುತ್ತೇನೆ. ಬೊಬ್ಬೆ ಹೊಡೆಯಬೇಕಾದರೆ ಎದೆಯಲ್ಲಿ ಗಾಳಿ ಬೇಕು, ಅಷ್ಟು ಗಾಳಿ ಇದ್ದವನು ಸ್ವಲ್ಪ ಕಾದರೆ ಏನೂ ಆಗುವುದಿಲ್ಲ. ಕಾಯಲಾಗದವನ ಕೈಯ ಹಿಂಭಾಗಕ್ಕೆ ಗಾಯಕ್ಕೆ ಹಚ್ಚುವ ನೀಲಿ ಮದ್ದಿನ ಒಂದು ಬೊಟ್ಟು ಇಡುತ್ತೇನೆ. ಬೊಟ್ಟು ಇದ್ದವನು ಮೇಜಿಗೆ. ಇಲ್ಲದವನು ನಾನು ಮತ್ತೆ ಬರುವವರೆಗೆ ಕಾಯಬೇಕು, ಅವನು ಯಾರ ಮಗನೇ ಆಗಲಿ. ಒಮ್ಮೆ ಒಬ್ಬ ಸಾಹುಕಾರರು ಈ ಬಗ್ಗೆ ಡಾಕ್ಟರಲ್ಲಿ ದೂರು ಹೇಳಿದರು. ಡಾಕ್ಟರು ಕೈ ತೊಳೆಯುತ್ತಾ, "ಬಾಗಿಲಿನಿಂದ ಒಳಗೆ ನಾನು ಹೇಳಿದ್ದು. ಬಾಗಿಲಿನಿಂದ ಹೊರಗೆ ಸೇಸಮ್ಮ ಹೇಳಿದ್ದು" ಎಂದರು. ನನಗೆ ಕೊಟ್ಟ ಸರ್ಟಿಫಿಕೇಟು ಏನಾದರೂ ಇದ್ದರೆ ಆ ಮಾತೇ. ಡಾಕ್ಟರು ಹಿಂದೆ ನಿಲ್ಲದಿದ್ದರೆ ಎಂಥ ನರ್ಸಿನ ಕಣ್ಣೂ ಬೆಂಚಿನ ಕಡೆಗೇ ತಿರುಗುತ್ತದೆ.

ಇನ್ನೊಂದು ಉಪದ್ರ ನಮ್ಮ ಕಡೆಯದ್ದೇ, ಎಲೆಯಡಿಕೆ. ಮಂಗಳೂರಿನಲ್ಲಿ ನಾನು ಕಲಿಯುವಾಗ ಮೇಟ್ರನ್ ತುಟಿ ನೋಡು, ನಾಲಿಗೆ ನೋಡು ಎನ್ನುತ್ತಿದ್ದರು. ಬಿಳಿಚಿದೆಯೋ, ನೀಲಿಯಾಗಿದೆಯೋ ನೋಡಬೇಕಂತೆ. ಎಲ್ಲಿಂದ ನೋಡುವುದು? ಇಲ್ಲಿ ಗಂಜಿಗೆ ಮೊದಲು ಎಲೆ, ಗಂಜಿಯ ಮೇಲೆ ಎಲೆ, ಸಿಟ್ಟು ಬಂದರೆ ಎಲೆ, ಹೆದರಿದರೆ ಎಲೆ. ಸಾಯಲು ಹೊರಟವನ ತುಟಿಯೂ ಮದುಮಗನ ತುಟಿಯ ಹಾಗೆ ಕೆಂಪಗಿರುತ್ತದೆ. ನಾನು ತುಟಿ ಬಿಟ್ಟೆ, ಉಗುರು ಹಿಡಿದೆ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ. ಊರು ಯಾವುದು, ಮನೆಯಲ್ಲಿ ಯಾರೆಲ್ಲ ಎಂದು ಕೇಳಿ, ಉತ್ತರ ಹೇಳುವಾಗ ಉಸಿರು ಎಲ್ಲಿ ನಿಲ್ಲುತ್ತದೆ ಎಂದು ಗಮನಿಸಿದೆ. ನೀಲಾವತಿಗೂ ಅದನ್ನೇ ಕಲಿಸುತ್ತಿದ್ದೆ. ಹುಡುಗಿ ಮೆತ್ತಗೆ, ಆದರೆ ಒಮ್ಮೆ ಹೇಳಿದ್ದನ್ನು ಎರಡನೇ ಸಲ ಹೇಳಬೇಕಾಗಿರಲಿಲ್ಲ.

ಅರವತ್ತೆರಡನೇ ಇಸವಿಯ ಒಂದು ಸಂತೆಯ ದಿನ ಬೆಳಿಗ್ಗೆ ಹಂಚಿನ ಲಾರಿಯೊಂದು ಹಾರ್ನ್ ಒತ್ತಿ ಹಿಡಿದುಕೊಂಡೇ ನಮ್ಮ ಅಂಗಳಕ್ಕೆ ನುಗ್ಗಿತು. ಮೂಡಬಿದಿರೆಯಿಂದ ಬರುವ ಬಸ್ಸು ಅಳದಂಗಡಿಯ ಇಳಿಜಾರಿನಲ್ಲಿ ಗದ್ದೆಗೆ ಮಗುಚಿತ್ತು. ಲಾರಿಯವನು ಪುಣ್ಯಾತ್ಮ, ಹಂಚನ್ನೆಲ್ಲ ರಸ್ತೆಯ ಬದಿಗೆ ಇಳಿಸಿ ಜನರನ್ನು ಹೇರಿಕೊಂಡು ಬಂದಿದ್ದ. ಬಸ್ಸಿನ ಹೆಸರು ಕೇಳಿದ ಕೂಡಲೇ ನಾನು ಲಾರಿಯ ಹಿಂಬದಿಗೆ ಓಡಿದೆ. ನನ್ನ ತಮ್ಮ ಲೋಕಯ್ಯ ಆ ಬಸ್ಸಿನ ಕಂಡಕ್ಟರು.

ನಮ್ಮಲ್ಲಿ ತಮ್ಮನೆಂದರೆ ಏನು ಎಂದು ಘಟ್ಟದ ಮೇಲಿನವರಿಗೆ ಬಿಡಿಸಿ ಹೇಳಬೇಕು. ನಮ್ಮದು ಅಳಿಯ ಸಂತಾನ, ಮನೆತನ ನಡೆಯುವುದು ಹೆಣ್ಣಿನ ಕಡೆಯಿಂದ. ನನ್ನ ಮಕ್ಕಳಿಗೆ ಅಪ್ಪನಿಗಿಂತ ಹೆಚ್ಚು ಸೋದರಮಾವ. ಅಪ್ಪ ತೀರಿದ ಮೇಲೆ ಅಮ್ಮ ಪೂವಮ್ಮನಿಗೂ ನನಗೂ ನನ್ನ ಮಕ್ಕಳಿಗೂ ಗಂಡಸು ಎಂದು ಇದ್ದವನು ಅವನೊಬ್ಬ. ಬಸ್ಸಿನ ಕೆಲಸವೆಂದು ಮೂಡಬಿದಿರೆಯ ಶೆಡ್ಡಿನಲ್ಲೇ ಮಲಗುತ್ತಿದ್ದ, ಮನೆಗೆ ಬರುವುದು ಅಪರೂಪ. ಬಂದರೆ ಮಕ್ಕಳು ಅವನ ಬೆನ್ನಿನಿಂದ ಇಳಿಯುತ್ತಿರಲಿಲ್ಲ.

ಲಾರಿಯ ಹಿಂದಿನ ಹಲಗೆ ತೆಗೆದರು. ಮೊದಲು ಹಾರಿದವನೇ ಲೋಕಯ್ಯ! ಕುತ್ತಿಗೆಯಲ್ಲಿ ವಿಸಿಲು, ಹೆಗಲಲ್ಲಿ ಟಿಕೇಟಿನ ಚೀಲ. ಮುದುಕರನ್ನು ಕೈಹಿಡಿದು ಇಳಿಸಿದ, ಒಬ್ಬಳು ಹೆಂಗಸಿನ ಮಗುವನ್ನು ಎತ್ತಿ ಕೆಳಗಿಟ್ಟ. ನನ್ನ ಕಡೆ ನೋಡಿ ಕೈ ಎತ್ತಿದ. ಅಯ್ಯಬ್ಬ, ದೇವರು ದೊಡ್ಡವನು ಎಂದುಕೊಂಡೆ. ಅಷ್ಟೇ. ಆಮೇಲೆ ಅವನನ್ನು ತಲೆಯಿಂದ ತೆಗೆದುಹಾಕಿ ಕೆಲಸಕ್ಕೆ ಇಳಿದೆ.

ಯಾವತ್ತಿನ ಹಾಗೆ ಎಲ್ಲರೂ ತಮ್ಮ ತಮ್ಮ ಜಾಗ ಹಿಡಿದರು. ಗೋಡೆಯ ಮರೆಯಲ್ಲಿ ಖದೀಜ ಎಂಬವರು ಮುಸುಕು ಎಳೆದುಕೊಂಡು ಕೂತಿದ್ದರು. ತೊಡೆಯ ಗಾಯಕ್ಕೆ ಯಾರೋ ಹಿಡಿಗಟ್ಟಲೆ ಕಾಫಿಪುಡಿ ತುಂಬಿ ಹೆಗಲಿನ ಬೈರಾಸು ಬಟ್ಟೆ ಸುತ್ತಿದ್ದರು. ಮೇಲಿನಿಂದ ಒಣಗಿದಂತೆ ಕಾಣುತ್ತಿತ್ತು. ಕೈ ಹಾಕಿ ನೋಡಿದರೆ ಕೂತ ನೆಲ ಒದ್ದೆ. ಅವರಿಗೆ ಬೊಟ್ಟು ಇಟ್ಟು ಒಳಗೆ ಕಳಿಸಿದೆ. ಡಾಕ್ಟರು ಕೂಡಲೇ ಹೊಲಿಗೆಗೆ ನಿಂತರು. ಇನ್ನು ಮೇಜು ಖಾಲಿಯಾದ ಕೂಡಲೇ ಯಾರು ಎಂದು ನಾನು ಹುಡುಕಬೇಕಿತ್ತು.

ಬೆಂಚಿನ ಮೇಲೆ ಅಳದಂಗಡಿ ಕಡೆಯ ದೊಡ್ಡ ಜಮೀನಿನ ರುಕ್ಮಯ್ಯನವರು. ಅವರು ಬಸ್ಸಿನಲ್ಲಿ ಇದ್ದವರಲ್ಲ. ಬಸ್ಸಿನಲ್ಲಿದ್ದದ್ದು ಅವರ ಅಳಿಯ, ತಂಗಿಯ ಮಗ. ಸುದ್ದಿ ಸಿಕ್ಕಿದ್ದೇ ಅವನನ್ನು ತಮ್ಮ ಅಂಬಾಸಿಡರ್ ಕಾರಿನಲ್ಲಿ ಹಾಕಿಕೊಂಡು ಬಂದಿದ್ದರು. ಭುಜದ ಕೀಲು ತಪ್ಪಿತ್ತು. ನೋವು ಜೋರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೊಬ್ಬೆ ಅದಕ್ಕಿಂತ ಜೋರು. "ಅಯ್ಯೋ ಮಾವ, ನಾನು ಸತ್ತೆ, ನಾನು ಸತ್ತೆ" ಎಂದು ಪೇಟೆಗೆ ಕೇಳುವಂತೆ ಹೇಳುತ್ತಿದ್ದ. ಅಷ್ಟು ಸ್ಪಷ್ಟವಾಗಿ ಹೇಳುವವನು ಸಾಯುವುದಿಲ್ಲ ಎಂದು ಕೈಯನ್ನು ಬಟ್ಟೆಯಲ್ಲಿ ಕುತ್ತಿಗೆಗೆ ತೂಗುಹಾಕಿ ಮುಂದೆ ಹೋದೆ.

ಮೆಟ್ಟಿಲ ತುದಿಯಲ್ಲಿ ಲೋಕಯ್ಯ ಗೋಡೆಗೆ ಒರಗಿ ಕೂತಿದ್ದ. ಪಕ್ಕದಲ್ಲಿ ಹುಕ್ರಪ್ಪ ಎಂಬ ಮುದುಕ ಎಲೆಸಂಚಿ ಬಿಚ್ಚಿಕೊಂಡು ಕೂತಿದ್ದ. ತಮ್ಮನ ಕೆನ್ನೆ ಉಬ್ಬಿತ್ತು, ತುಟಿ ಕೆಂಪಾಗಿತ್ತು. ಎಲೆ! ನನ್ನ ಮೈ ಉರಿಯಿತು. ಬಸ್ಸಿನವರು ಅವನನ್ನು ದುರುಗುಟ್ಟಿ ನೋಡುತ್ತಿದ್ದರು. ಒಬ್ಬ ಹೆಂಗಸು, "ಜನರ ಕೈಕಾಲು ಮುರಿಸಿ ಇವನಿಗೆ ಎಲೆ ಬೇಕಾಯಿತು" ಎಂದು ಕೇಳುವ ಹಾಗೆಯೇ ಹೇಳಿದಳು. ಸರಿಯಾಗಿಯೇ ಹೇಳಿದಳು ಎಂದು ಬೈಯಲು ಬಾಯಿ ತೆರೆದೆ.

ಬಾಯಿ ತೆರೆದದ್ದು ಹಾಗೆಯೇ ನಿಂತಿತು. ನಮ್ಮ ಅಪ್ಪ ಸತ್ತದ್ದು ಬಾಯಿಯ ಹುಣ್ಣಿನಿಂದ. ಎಲೆ, ಹೊಗೆಸೊಪ್ಪು, ವರ್ಷಗಟ್ಟಲೆ. ಕೊನೆಗೆ ಗಂಜಿಯ ತಿಳಿಯೂ ಇಳಿಯುತ್ತಿರಲಿಲ್ಲ. ಚಮಚದಲ್ಲಿ ನೀರು ಹಾಕುತ್ತಿದ್ದದ್ದು ಲೋಕಯ್ಯ. ಅಂದಿನಿಂದ ಅವನು ಎಲೆ ಮುಟ್ಟಿದವನಲ್ಲ, ಮದುವೆ ಮನೆಯಲ್ಲಿ ತಟ್ಟೆ ಮುಂದೆ ಹಿಡಿದರೂ ಕೈಮುಗಿದು ಬಿಡುತ್ತಿದ್ದ.

"ಎಂತ ಆಗಿದೆ ನಿಂಗೆ?" ಎಂದು ತುಳುವಿನಲ್ಲೇ ಕೇಳಿದೆ.

"ಎಂತ ಇಲ್ಲಕ್ಕ. ಅವರನ್ನು..." ಎಂದು ನಿಲ್ಲಿಸಿದ. ಉಗುಳು ನುಂಗಿದ. "ನೋಡು."

ಕಂಡಕ್ಟರನ ಬಾಯಿ ಅದು. ಒಂದೇ ಉಸಿರಿಗೆ ಅಳದಂಗಡಿ, ವೇಣೂರು, ಮೂಡಬಿದಿರೆ ಎಂದು ಕೂಗಿ, ಚಿಲ್ಲರೆ ಇಲ್ಲದವನಿಗೆ ಬೈದು, ವಿಸಿಲೂ ಊದುವ ಬಾಯಿ. ಈಗ ಎರಡು ಮಾತಿನ ನಡುವೆ ಉಸಿರು ಕಟ್ಟುತ್ತಿತ್ತು.

ಎಲೆಯ ಹಿಂದೆ ಅವನು ಏನೋ ಪೆಟ್ಟು ಮುಚ್ಚಿಡುತ್ತಿದ್ದಾನೆ ಎಂದು ನನಗೆ ಗೊತ್ತಾಯಿತು. ಅಥವಾ ಗೊತ್ತಾಯಿತು ಎಂದು ಅನ್ನಿಸಿತು. ಇಲ್ಲೇ ನನಗೆ ಹೆದರಿಕೆ ಆದದ್ದು. ಅವನು ಎಲೆ ಹಾಕುವವನಲ್ಲ ಎಂದು ಗೊತ್ತಾದದ್ದು ನರ್ಸಿಗಲ್ಲ, ಅಕ್ಕನಿಗೆ. ಅಕ್ಕನ ಕಣ್ಣಿಗೆ ತಮ್ಮನ ಮುಖ ಯಾವಾಗಲೂ ಬಾಡಿಯೇ ಕಾಣುತ್ತದೆ. ಮೇಜು ಒಂದು, ಡಾಕ್ಟರು ಒಬ್ಬರು, ಅಂಗಳದ ತುಂಬ ಜನ. ನನ್ನ ಕರುಳು ಹೇಳಿತೆಂದು ಇವನನ್ನು ಒಳಗೆ ಹಾಕಿ, ನಿಜವಾಗಿ ಸಾಯುವವನು ಅಂಗಳದಲ್ಲಿ ಸತ್ತರೆ? ನಾಳೆಯಿಂದ ನನ್ನ ಬೊಟ್ಟಿಗೆ ಯಾರು ಬೆಲೆ ಕೊಡುತ್ತಾರೆ? ಬೇರೆಯವರ ತಮ್ಮನಾಗಿದ್ದರೆ ಕೆಳರೆಪ್ಪೆ ಎಳೆದು ನೋಡಿ ಮುಗಿಸುತ್ತಿದ್ದೆ. ಇವನ ಮುಖದ ಹತ್ತಿರ ಹೋದ ನನ್ನ ಕೈ ನಡುಗಿತು. ನಡುಗುವ ಕೈ ಹೇಳಿದ್ದನ್ನು ನಾನು ನಂಬುವುದಿಲ್ಲ.

"ನೀಲಾವತಿ!" ಎಂದು ಕೂಗಿದೆ. ಅವಳು ಓಡಿ ಬಂದಳು. ಅವಳು ಬಂದು ತಿಂಗಳಾಗಿರಲಿಲ್ಲ, ಇವನು ನನ್ನ ತಮ್ಮನೆಂದು ಅವಳಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. "ಸಾಲು ನೋಡಿಕೊಂಡು ಬಾ. ಮೇಜಿಗೆ ಮುಂದಿನವರು ಯಾರು, ನೀನೇ ಹೇಳು. ಬೇಗ."

"ನಾನಾ ಅಕ್ಕ? ನೀವು ನೋಡಿಲ್ಲವಾ?"

"ನೋಡಿದ್ದೇನೆ. ನೀನು ನೋಡು. ಕೇಳಿದ್ದಕ್ಕೆ ಉತ್ತರ ಕೊಟ್ಟರೆ ಸಾಕು, ಹೋಗು."

ಅವಳು ಅಂಗಳದಿಂದ ಶುರು ಮಾಡಿದಳು. ನನ್ನ ಶಿಷ್ಯೆಯೇ ಸರಿ. ಬಗ್ಗಿ ಒಬ್ಬನ ಕೈ ಹಿಡಿದಳು, ಇನ್ನೊಬ್ಬನ ಹೊಟ್ಟೆ ಒತ್ತಿದಳು. ನಾನು ಒಬ್ಬರ ಹಣೆಗೆ ಪಟ್ಟಿ ಸುತ್ತುತ್ತಾ ಅವಳ ಬೆನ್ನನ್ನೇ ನೋಡುತ್ತಿದ್ದೆ. ಬೇಗ ಬಾ, ಬೇಗ ಬಾ ಎಂದು ಮನಸ್ಸಿನಲ್ಲೇ ಬೈಯುತ್ತಿದ್ದೆ. ಮೆಟ್ಟಿಲ ಹತ್ತಿರ ಅವಳು ಒಮ್ಮೆ ದಾಟಿ ಹೋದಳು. ನನ್ನ ಜೀವ ಅರ್ಧ ಹೋಯಿತು. ಎರಡು ಹೆಜ್ಜೆ ಹೋಗಿ ಹಿಂದೆ ತಿರುಗಿ, ಲೋಕಯ್ಯನ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಏನೋ ಕೇಳಿದಳು. ಅವನ ಅಂಗಿಯ ಗುಂಡಿ ಬಿಚ್ಚಿದಳು. ಎದ್ದವಳು ಓಡಿಯೇ ಬಂದಳು.

"ವಿಸಿಲು ಹಾಕಿಕೊಂಡವರು, ಅಕ್ಕ. ಎಲೆ ಬಾಯಲ್ಲಿ ಉಂಟು, ಆದರೆ ಜಗಿಯುವುದಿಲ್ಲ. ಹೊಗೆಸೊಪ್ಪಿನ ಎಲೆ, ಆದರೂ ಉಗುಳುವುದಿಲ್ಲ, ನುಂಗ್ತಾ ಇದ್ದಾರೆ. ಉಗುರು ನೀಲಿ. ಎದೆಯ ಬಲಭಾಗ ಏಳುವುದೇ ಇಲ್ಲ. ಅವರನ್ನೇ ಮೊದಲು ತೆಗೆದುಕೊಳ್ಳುವ."

"ಬೊಟ್ಟು ಇಡು" ಎಂದೆ.

ಅವಳು ಬೊಟ್ಟು ಇಟ್ಟದ್ದೇ ತಡ, ಗಲಾಟೆ ಎದ್ದಿತು. ಅಲ್ಲಿದ್ದವರಲ್ಲಿ ಮುಕ್ಕಾಲು ಪಾಲು ಜನರಿಗೆ ನಮ್ಮ ಸಂಬಂಧ ಗೊತ್ತಿತ್ತು. "ಓಹೋ, ತಮ್ಮನಿಗೆ ಮೊದಲಾ!" ಎಂದು ಕಟ್ಟೆಯ ಮೇಲಿನಿಂದ ಒಬ್ಬರು. "ಬಸ್ಸು ಮಗುಚಿದವನಿಗೆ ಮರ್ಯಾದೆ, ಮಗುಚಿಸಿಕೊಂಡವರಿಗೆ ವರಾಂಡ" ಎಂದು ಇನ್ನೊಬ್ಬರು. ನೀಲಾವತಿ ಬಿಳಿಚಿಕೊಂಡು ನನ್ನ ಮುಖ ನೋಡಿದಳು. ಅವಳಿಗೆ ಆಗ ಗೊತ್ತಾಯಿತು.

ರುಕ್ಮಯ್ಯನವರು ಬೆಂಚಿನಿಂದ ಎದ್ದು ಬಂದು ಬಾಗಿಲಿಗೆ ಅಡ್ಡ ನಿಂತರು. ದೊಡ್ಡ ದೇಹ, ಬಾಗಿಲು ತುಂಬಿತು. "ಸೇಸಮ್ಮ, ನಿನ್ನ ನ್ಯಾಯ ಇಷ್ಟು ದಿನ ದೊಡ್ಡದಾಗಿ ಕೇಳಿದ್ದೆ. ನನ್ನ ಅಳಿಯ ಅಲ್ಲಿ ಪ್ರಾಣ ಬಿಡ್ತಾ ಇದ್ದಾನೆ. ನಿನ್ನ ತಮ್ಮ ಎಲೆ ತಿಂದುಕೊಂಡು ಕೂತಿದ್ದಾನೆ. ಎಲೆ ತಿನ್ನುವವನನ್ನು ಒಳಗೆ ಬಿಡುವುದು ಯಾವ ಪುಸ್ತಕದಲ್ಲಿ ಉಂಟು?"

ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಆದರೆ ಅವರೂ ಒಬ್ಬ ಸೋದರಮಾವ. ಅಳಿಯನಿಗಾಗಿ ಬಾಗಿಲಲ್ಲಿ ನಿಂತಿದ್ದಾರೆ, ನಾನೂ ತಮ್ಮನಿಗಾಗಿ ನಿಂತಿದ್ದೇನೆ.

ಲೋಕಯ್ಯ ಗೋಡೆ ಹಿಡಿದು ಎದ್ದ. "ಅಕ್ಕ, ಧನಿಗಳು ಹೇಳಿದ್ದು... ಸರಿ. ಅವರೆಲ್ಲ ನನ್ನ... ಪ್ಯಾಸೆಂಜರು. ನಾನು... ಕೊನೆಗೆ."

"ನೀನು ಬಾಯಿ ಮುಚ್ಚು! ಇಲ್ಲ, ಬಾಯಿ ತೆರೆ!" ಎಂದೆ. "ಅಮ್ಮಣಿ, ಬಿಳಿ ಬೇಸಿನ್ ತಾ. ಒಂದು ಚೊಂಬು ನೀರು ತಾ."

ಅಮ್ಮಣಿ ಅಪರೂಪಕ್ಕೆ ಎದುರು ಮಾತಾಡದೆ ತಂದಳು. ರುಕ್ಮಯ್ಯನವರ ಕಾಲ ಹತ್ತಿರವೇ, ಎಲ್ಲರಿಗೂ ಕಾಣುವ ಹಾಗೆ ಬೇಸಿನ್ ಇಟ್ಟೆ. "ಉಗುಳು" ಎಂದೆ. ಲೋಕಯ್ಯ ತಲೆ ಅಲ್ಲಾಡಿಸಿದ. ಕೆನ್ನೆ ಹಿಡಿದು ಒತ್ತಿದೆ, ಚಿಕ್ಕವನಿದ್ದಾಗ ಮಣ್ಣು ತಿಂದರೆ ಹಾಗೆಯೇ ಒತ್ತುತ್ತಿದ್ದೆ. ಎಲೆಯ ಚೂರು, ಅಡಿಕೆಯ ಹೋಳು, ಕೆಂಪು ರಸ ಬಿತ್ತು.

"ಎಲೆಯೇ ಅಲ್ಲವಾ ಅದು?" ಎಂದರು ರುಕ್ಮಯ್ಯನವರು.

"ಎಲೆಯೇ. ತಾಳಿ." ಬೇಸಿನ್ ಚೆಲ್ಲಿ ತೊಳೆಸಿದೆ. ನೀರು ಕೊಟ್ಟು ಬಾಯಿ ಮುಕ್ಕಳಿಸಲು ಹೇಳಿದೆ. ನೀರು ಕೆಂಪಾಗಿ ಬಿತ್ತು. ಮತ್ತೆ ತೊಳೆದು ಮತ್ತೆ ಮುಕ್ಕಳಿಸಿದ. ಎಲೆಯ ಒಂದು ಚೂರೂ ಉಳಿದಿರಲಿಲ್ಲ. ಆಗ ಅವನಿಗೆ ತಡೆದಿಟ್ಟ ಕೆಮ್ಮು ಬಂತು. ಒಮ್ಮೆ ಕೆಮ್ಮಿದ. ಬಿಳಿ ಬೇಸಿನ್ನಿನ ತಳದಲ್ಲಿ ನೊರೆನೊರೆಯಾದ ಹಸಿ ರಕ್ತ.

ರುಕ್ಮಯ್ಯನವರ ಅಳಿಯ ಬೊಬ್ಬೆ ಬಿಟ್ಟು ಬೇಸಿನ್ನನ್ನೇ ನೋಡಿದ. ಎಲೆ ಕೊಟ್ಟ ಹುಕ್ರಪ್ಪ ಮೆಟ್ಟಿಲ ಮೇಲಿಂದ ಅಳು ದನಿಯಲ್ಲಿ ಹೇಳಿದ. "ಅವನೇ ಕೇಳಿದ ತಾಯಿ. ಲಾರಿಯಲ್ಲಿ ಬರುವಾಗಲೇ ಕೇಳಿದ. ಹೆದರಿದ್ದಾನೆ ಅಂತ ನಾನು ಮಡಚಿ ಕೊಟ್ಟೆ. ಬಾಯಿಂದ ರಕ್ತ ಬರುವುದು ಕಂಡರೆ ಅಕ್ಕ ನನ್ನನ್ನೇ ಮೊದಲು ಎಳಕೊಂಡು ಹೋಗ್ತಾಳೆ, ನನ್ನ ಬಸ್ಸಿನವರು ಉಳಿದುಬಿಡ್ತಾರೆ ಅಂತ ಇವನು ಹೀಗೆ ಮಾಡಿದ್ದು ಅಂತ ನನಗೇನು ಗೊತ್ತು? ಈಗ ಗೊತ್ತಾಯಿತು ನೋಡಿ."

"ಮೂರ್ಖ" ಎಂದೆ ತಮ್ಮನಿಗೆ. ಹೆಮ್ಮೆಯಾಯಿತು, ಅವನ ಕೆನ್ನೆಗೆ ಎರಡು ಬಿಗಿಯಬೇಕು ಎಂದೂ ಅನ್ನಿಸಿತು. ರುಕ್ಮಯ್ಯನವರು ಬಾಗಿಲಿನಿಂದ ಸರಿದರು.

ಒಳಗೆ ಡಾಕ್ಟರು ಖದೀಜರ ಕೊನೆಯ ಹೊಲಿಗೆ ಕತ್ತರಿಸುತ್ತಿದ್ದರು. ಲೋಕಯ್ಯನ ಎದೆಗೆ ಬೆರಳಿಟ್ಟು ತಟ್ಟಿ ನೋಡಿದರು, ಕುತ್ತಿಗೆಯ ಉಬ್ಬಿದ ನರ ನೋಡಿದರು. ಪಕ್ಕೆಲುಬು ಮುರಿದು ಶ್ವಾಸಕೋಶಕ್ಕೆ ಚುಚ್ಚಿದೆ, ಒಳಗೆ ಗಾಳಿ ತುಂಬಿ ಒತ್ತುತ್ತಾ ಇದೆ ಎಂದರು. ಬಸ್ಸು ಮಗುಚುವಾಗ ಅವನು ಹಿಂದಿನ ಏಣಿಯಲ್ಲಿದ್ದನಂತೆ, ಏಣಿಯ ಕಬ್ಬಿಣ ಎದೆಗೆ ಬಡಿದಿತ್ತು. ಅದರ ಮೇಲೆ ಈ ಮಹಾರಾಯ ಜನರನ್ನು ಎತ್ತಿ ಇಳಿಸಿದ್ದ.

"ಸೇಸಮ್ಮ, ನೀವು ಹೊರಗೆ ಇರ್ತೀರಾ?" ಎಂದು ಡಾಕ್ಟರು ಕೇಳಿದರು. ಅವರಿಗೆ ಅವನು ಯಾರೆಂದು ಗೊತ್ತಿತ್ತು.

"ಇಲ್ಲ ಡಾಕ್ಟ್ರೆ. ಸೂಜಿ ನಾನೇ ಕೊಡ್ತೇನೆ."

ದಪ್ಪ ಸೂಜಿ ಕೊಟ್ಟೆ. ಕೈ ಈಗ ನಡುಗಲಿಲ್ಲ, ಮೇಜಿನ ಹತ್ತಿರ ಬಂದ ಮೇಲೆ ನನ್ನ ಕೈಗೆ ತನ್ನ ಕೆಲಸ ಗೊತ್ತು. ಡಾಕ್ಟರು ಎರಡು ಎಲುಬಿನ ನಡುವೆ ಚುಚ್ಚಿದರು. ಸುಯ್ ಎಂದು ಗಾಳಿ ಹೊರಬಂತು. ತಮ್ಮನ ಎದೆ ಒಮ್ಮೆ ದೊಡ್ಡದಾಗಿ ಎದ್ದಿತು, ಇಳಿಯಿತು, ಮತ್ತೆ ಎದ್ದಿತು. ಉಗುರಿನ ಬಣ್ಣ ತಿರುಗುವುದನ್ನು ನಾನು ಬಗ್ಗಿ ನೋಡುತ್ತಿದ್ದೆ. ಡಾಕ್ಟರು ರಬ್ಬರ್ ಕೊಳವೆ ಹಾಕಿ ಅದರ ತುದಿಯನ್ನು ನೀರಿನ ಬಾಟಲಿಯಲ್ಲಿ ಮುಳುಗಿಸಿದರು.

"ಇನ್ನು ಸ್ವಲ್ಪ ಹೊತ್ತು ಹೊರಗೆ ಕೂತಿದ್ದರೆ ಇವರು ಸಿಗುತ್ತಿರಲಿಲ್ಲ" ಎಂದರು. "ಈಗಲೂ ನನ್ನಿಂದ ಇಷ್ಟೇ ಆಗುವುದು. ಒಳಗೆ ರಕ್ತ ಉಂಟು. ಮಂಗಳೂರಿಗೆ ಹೋಗಬೇಕು, ಈಗಲೇ ಹೋಗಬೇಕು. ಬಾಟಲಿ ಹಿಡಿದುಕೊಳ್ಳಲು ಕಲಿತವರೊಬ್ಬರು ಜೊತೆಗೆ ಬೇಕು."

ಹೊರಗೆ ಬಂದೆ. ಅಂಗಳದಲ್ಲಿ ಇದ್ದ ಕಾರು ಒಂದೇ. ಬೇಡುವುದು ನನಗೆ ಬರುವುದಿಲ್ಲ, ಆದ್ದರಿಂದ ಬೇಡಲಿಲ್ಲ. "ಧನಿಗಳೇ, ಕಾರು ಬೇಕು. ನಿಮ್ಮ ಅಳಿಯನನ್ನು ಈಗ ಒಳಗೆ ಕರೀತೇನೆ, ಕೀಲು ಕೂರಿಸಿದರೆ ನಡೆದುಕೊಂಡು ಮನೆಗೆ ಹೋಗ್ತಾನೆ. ಇವನು ಮಂಗಳೂರಿಗೆ ಹೋಗದಿದ್ದರೆ ಸಾಯ್ತಾನೆ" ಎಂದೆ.

ರುಕ್ಮಯ್ಯನವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಿನ್ನ ಬಾಯಿ ಇದೆಯಲ್ಲ, ಅದು ನನಗೆ ಈ ಜನ್ಮದಲ್ಲಿ ಆಗುವುದಿಲ್ಲ. ಕಾರು ಕೊಡುವುದು ಅವನಿಗೆ, ನಿನಗಲ್ಲ. ಗೊತ್ತಾಯಿತಾ?" ಎಂದು ಡ್ರೈವರನಿಗೆ ಕೈಸನ್ನೆ ಮಾಡಿದರು. ಆಗಬಹುದು ಎಂದೆ. ಆ ಹೊತ್ತಿಗೆ ಅವರು ನನ್ನ ಅಜ್ಜಿಯನ್ನು ಬೈದಿದ್ದರೂ ಆಗಬಹುದು ಎನ್ನುತ್ತಿದ್ದೆ.

ಲೋಕಯ್ಯನನ್ನು ಹಿಂದಿನ ಸೀಟಿನಲ್ಲಿ ಒರಗಿಸಿ ಕೂರಿಸುವಾಗ ಅಮ್ಮ ಓಡಿ ಬಂದಳು. ತಲೆಗೂದಲು ಬಿಚ್ಚಿ ಹೋಗಿತ್ತು, ಕಾಲಲ್ಲಿ ಕೆಸರು. ಅವನ ಎದೆಯ ಕೊಳವೆ ನೋಡಿ ಒಂದು ಸಲ ಕೂಗಿ, ಆಮೇಲೆ ಬಾಯಿಗೆ ಸೆರಗು ತುರುಕಿಕೊಂಡು ಕಾರಿನೊಳಗೆ ಹತ್ತಿದಳು. "ಸೇಸಿ, ನೀನೂ ಹತ್ತು. ಬಾಟಲಿ ನೀನೇ ಹಿಡಿ" ಎಂದಳು.

ನಾನು ವರಾಂಡದ ಕಡೆ ತಿರುಗಿ ನೋಡಿದೆ. ಜನ ಹಾಗೆಯೇ ಇದ್ದರು. ಅಂಗಳದಲ್ಲಿ ಒಬ್ಬ ಹೊಟ್ಟೆ ಹಿಡಿದುಕೊಂಡು ಬಗ್ಗಿ ಕೂತಿದ್ದ. ಅವನು ಆಗಿನಿಂದ ಒಂದು ಮಾತೂ ಆಡಿರಲಿಲ್ಲ. ಅವನನ್ನು ನೋಡಿದ ಮೇಲೆ ನಾನು ಹತ್ತುವ ಹಾಗಿರಲಿಲ್ಲ.

"ನೀಲಾವತಿ ಹೋಗ್ತಾಳೆ. ಬಾಟಲಿ ಎದೆಗಿಂತ ಕೆಳಗೆ ಇರಬೇಕು, ಗೊತ್ತುಂಟಲ್ಲ? ಎತ್ತಬೇಡ. ಎಲ್ಲಿಯೂ ಕಾರು ನಿಲ್ಲಿಸಬೇಡಿ" ಎಂದೆ.

"ನೀನು ಅವನ ಒಡಹುಟ್ಟಿದವಳಾ, ಕಲ್ಲಾ?" ಎಂದಳು ಅಮ್ಮ. ಲೋಕಯ್ಯ ಕಣ್ಣು ತೆರೆದು, "ಅಕ್ಕ ಇಲ್ಲಿ ಇರಲಿ ಅಮ್ಮ" ಎಂದ. ಒಂದೇ ಉಸಿರಿಗೆ ಹೇಳಿದ. ಅದು ಸಾಕಾಯಿತು ನನಗೆ. ಕಾರಿನ ಬಾಗಿಲು ಹಾಕಿದೆ.

ಆಮೇಲೆ ಕೆಲಸ. ಹೊಟ್ಟೆ ಹಿಡಿದವನಿಗೆ ಬೊಟ್ಟು ಇಟ್ಟು ಒಳಗೆ ತೆಗೆದುಕೊಂಡೆವು. ರುಕ್ಮಯ್ಯನವರ ಅಳಿಯನ ಭುಜವನ್ನು ಡಾಕ್ಟರು ಒಂದೇ ಎಳೆತಕ್ಕೆ ಕೂರಿಸಿದರು. ಅವನು ನಾಚಿಕೊಂಡು ನನ್ನ ಮುಖ ನೋಡದೆ ಹೋದ. ಮುರಿದ ಕಾಲಿಗೆ ಹಲಗೆ, ಹರಿದ ಕಿವಿಗೆ ಹೊಲಿಗೆ, ಹೆದರಿ ನಡುಗುವವರಿಗೆ ಬಿಸಿ ಕಾಫಿ. ಅಂದು ನಾನು ಇಟ್ಟ ಬೊಟ್ಟನ್ನು ಮತ್ತೆ ಯಾರೂ ಪ್ರಶ್ನೆ ಮಾಡಲಿಲ್ಲ. ತಮ್ಮನಿಗೆ ಮೊದಲಾ ಎಂದು ಕೇಳಿದ್ದ ಕಟ್ಟೆಯವರೇ ಎದ್ದು, ಅಂಗಳದಲ್ಲಿದ್ದ ಒಬ್ಬ ಕೂಲಿಯವನನ್ನು ತಾವೇ ಎತ್ತಿ ತಂದರು. ನಾನು ಬೈಯುತ್ತಿದ್ದೆ, ಪಟ್ಟಿ ಕಟ್ಟುತ್ತಿದ್ದೆ. ರಸ್ತೆಯಲ್ಲಿ ಗಾಡಿಯ ಸದ್ದಾದಾಗಲೆಲ್ಲ ನನ್ನ ಕೈ ಮಾತ್ರ ಒಮ್ಮೆ ನಿಲ್ಲುತ್ತಿತ್ತು.

ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಕಾರು ಬಂತು. ಅಮ್ಮ ಮಂಗಳೂರಿನಲ್ಲೇ ಉಳಿದಿದ್ದಳು. ನೀಲಾವತಿ ಒಬ್ಬಳೇ ಇಳಿದಳು. ಸೀರೆಯ ಮೇಲೆ ರಕ್ತದ ಕಲೆ, ಮುಖ ಸೊರಗಿ ಹೋಗಿತ್ತು. ನಾನು ಮೆಟ್ಟಿಲಲ್ಲೇ ನಿಂತೆ. ಇಳಿದು ಹೋಗಿ ಕೇಳುವ ಧೈರ್ಯ ಬರಲಿಲ್ಲ.

"ಇದ್ದಾರೆ ಅಕ್ಕ" ಎಂದಳು ದೂರದಿಂದಲೇ. "ಆಪರೇಶನ್ ಆಯ್ತು. ರಕ್ತ ಕೊಟ್ಟರು. ದೊಡ್ಡ ಡಾಕ್ಟ್ರು ಹೆದರಬೇಡಿ ಅಂದ್ರು. ಬಂಟ್ವಾಳ ದಾಟುವಾಗ ಒಮ್ಮೆ ಕಣ್ಣು ಮೇಲೆ ಮಾಡಿದ್ದರು, ನಾನು ಕೆನ್ನೆಗೆ ಹೊಡೆದು ಎಬ್ಬಿಸಿದೆ."

"ಒಳ್ಳೆಯದು ಮಾಡಿದೆ. ನನ್ನ ಲೆಕ್ಕದಲ್ಲಿ ಇನ್ನೊಂದು ಹೊಡೆಯಬೇಕಿತ್ತು" ಎಂದೆ. ಅವಳು ನಗಲಿಲ್ಲ.

ಅಮ್ಮಣಿ ವರಾಂಡ ತೊಳೆದು ಮುಗಿಸಿದ್ದಳು. ನಮ್ಮಿಬ್ಬರ ಹೊರತು ಯಾರೂ ಇರಲಿಲ್ಲ. ನೀಲಾವತಿ ಕೈ ತೊಳೆಯುತ್ತಿದ್ದಳು, ಎಷ್ಟು ತೊಳೆದರೂ ಮುಗಿಯಲಿಲ್ಲ. ಕೊನೆಗೆ ಹಿಂದೆ ತಿರುಗದೆಯೇ ಕೇಳಿದಳು.

"ಅವರು ನಿಮ್ಮ ತಮ್ಮ ಅಂತ ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ನೀನು ಅವನನ್ನು ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದೆ."

"ನಾನು ಮೊದಲು ಅವರನ್ನು ದಾಟಿ ಹೋಗಿದ್ದೆ ಅಕ್ಕ. ಎಲೆ ಹಾಕಿಕೊಂಡಿದ್ದಾರೆ, ಇವರಿಗೆ ಏನೂ ಆಗಿಲ್ಲ ಅಂದುಕೊಂಡೆ. ಅವರು ನುಂಗುವುದು ಕಂಡಿತು, ಅದಕ್ಕೆ ತಿರುಗಿದೆ. ಕಾಣದೇ ಇದ್ದಿದ್ದರೆ? ನಾನು ಬಂದು ಬೇರೆ ಯಾರನ್ನಾದರೂ ತೋರಿಸಿದ್ದರೆ?"

ಸುಳ್ಳು ಹೇಳಬಹುದಿತ್ತು. ಆದರೆ ನಾಳೆ ಅವಳು ಒಬ್ಬಳೇ ಈ ವರಾಂಡದಲ್ಲಿ ನಿಲ್ಲಬೇಕಾದವಳು, ಅವಳಿಗೆ ಸುಳ್ಳು ಹೇಳಿ ಪ್ರಯೋಜನವಿಲ್ಲ.

"ನೀನು ತೋರಿಸಿದವರನ್ನೇ ಒಳಗೆ ಕಳಿಸುತ್ತಿದ್ದೆ" ಎಂದೆ.

"ಅವರು?"

"ಅವನು ಆಮೇಲೆ."

"ಆಮೇಲೆ ಅಂದರೆ ಅವರು ಇರುತ್ತಿರಲಿಲ್ಲ."

"ಗೊತ್ತು" ಎಂದೆ. ಬೆಂಚಿನ ಮೇಲೆ ಕೂತು, ಬೆಳಿಗ್ಗೆಯಿಂದ ತಡೆದಿಟ್ಟದ್ದನ್ನೆಲ್ಲ ಅತ್ತೆ. ನೀಲಾವತಿ ಒದ್ದೆ ಕೈ ಒರೆಸಿಕೊಂಡು ಬಂದು ನನ್ನ ಪಕ್ಕದಲ್ಲಿ ಕೂತಳು. ನಾನು ಅತ್ತು ಮುಗಿಸುವವರೆಗೂ ಅಲ್ಲೇ ಇದ್ದಳು.